ಒಬ್ಬಳಿಗಾಗಿ ಮಾಡಿದ ಕಾನೂನು

ನನ್ನ ಪುಟ್ಟ ಲಾಯರಮ್ಮನಿಗೆ,

ಊಟ ಮಾಡಿದೆಯೋ ಇಲ್ಲವೋ ಎಂಬ ಚಿಂತೆಯಿಂದಲೇ ಶುರು ಮಾಡುತ್ತಿದ್ದೇನೆ, ಬೈಯಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ನುಂಗಿಕೋ.

ವಕೀಲಿ ಸನ್ನದು ಪಡೆಯುವ ದಿನ ಮಾಡಲಿರುವ ಭಾಷಣವನ್ನು ನೀನು ಫೋನಿನಲ್ಲಿ ಓದಿ ಹೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. "ನನಗೆ ಸಿಕ್ಕ ಪ್ರಿವಿಲೇಜು ನಾನು ಅಕ್ಕನಿಂದ ಕಿತ್ತುಕೊಂಡದ್ದು" ಎಂದೆ. ನನಗೆ ಗೊತ್ತಿದ್ದದ್ದು ಬಟ್ಟೆ ಅಂಗಡಿಯವರು ಕೊಡುವ ಪ್ರಿವಿಲೇಜ್ ಕಾರ್ಡು ಮಾತ್ರ. ಅದನ್ನು ಯಾವಾಗ ಕಿತ್ತುಕೊಂಡಳಪ್ಪ ಎಂದು ಗಾಬರಿಯಾಯಿತು. ನೀನು ನಕ್ಕು ಬಿಡಿಸಿ ಹೇಳಿದೆ: "ಹಳೇ ಲ್ಯಾಟಿನ್ ಮಾತು ಕಣಕ್ಕ. ಯಾರೋ ಒಬ್ಬರಿಗೋಸ್ಕರ ಮಾಡಿದ ಕಾನೂನು ಅಂತ. ಮೊದಮೊದಲು ಅದು ಅವರ ಪರವಾಗಿಯೂ ಇರ್ತಿತ್ತು, ವಿರುದ್ಧವಾಗಿಯೂ ಇರ್ತಿತ್ತು. ಈಗಿನವರು, ಕೆಲವರಿಗೆ ಮಾತ್ರ ಸಿಗೋ ಅನುಕೂಲಕ್ಕೆ ಹಾಗಂತಾರೆ."

ಅಂಥ ಕಾನೂನು ನಮ್ಮ ಮನೆಯಲ್ಲೂ ಇತ್ತಲ್ಲ. ಹೊಲಿಗೆ ಕೋಣೆಯಲ್ಲಿದ್ದದ್ದು ಒಂದೇ ಮೇಜು, ಬಟ್ಟೆ ಕತ್ತರಿಸಲೆಂದು ಅಪ್ಪ ಮಾಡಿಸಿದ್ದು. ಸಂಜೆ ನೀನು ಶಾಲೆಯಿಂದ ಬಂದ ಮೇಲೆ ಅದು ನಿನ್ನದು. ನಾನೂ ಅಮ್ಮನೂ ಕತ್ತರಿ ಹಿಡಿದು ನೆಲಕ್ಕಿಳಿಯುತ್ತಿದ್ದೆವು. ಒಮ್ಮೆ ಅಮ್ಮ ಯಾರದೋ ಕಿಟಕಿ ಪರದೆಯ ಜೊತೆಗೆ ಕೆಳಗಿದ್ದ ತೆಳು ಚಾಪೆಯನ್ನೂ ನೀಟಾಗಿ ಕತ್ತರಿಸಿ, "ಪರದೆಗೆ ಲೈನಿಂಗ್ ಬಂತು ಬಿಡು" ಎಂದಳು. ನೀನು ಮೇಜು ಬಿಟ್ಟುಕೊಡಲು ಪುಸ್ತಕ ಮಡಚಿ ಎದ್ದೆ. "ಕೂತ್ಕೊಳ್ಳೇ, ನಿನ್ನನ್ನ ಯಾರು ಕರೆದ್ರು?" ಎಂದು ಗದರಿದವಳು ನಾನು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, "ಕಿತ್ತುಕೊಂಡೆ" ಅನ್ನಬೇಡ. ಸಭೆಯವರೆಲ್ಲ ತಿರುಗಿ ನನ್ನನ್ನು "ಪಾಪ" ಎನ್ನುವಂತೆ ನೋಡಿದರೆ ನಾನು ಆ ಕುರ್ಚಿಯಲ್ಲಿ ಕೂರಲಾರೆ. ಓದುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಕಾನೂನು ಮಾಡಿದವರಲ್ಲಿ ನಾನೂ ಒಬ್ಬಳು. ಅಷ್ಟನ್ನು ಹೇಳು. ಹಿಂದಿನ ಸಾಲಿಗೂ ಕೇಳುವಂತೆ ಹೇಳು. ಮೈಕು ಕೈಕೊಟ್ಟರೆ ಏನು ಗತಿ ಎಂಬ ಚಿಂತೆ ಬೇರೆ ಹತ್ತಿಕೊಂಡಿದೆ.

ನಿನ್ನ ಕಪ್ಪು ಗೌನು ಸಿದ್ಧವಾಗಿದೆ. ಮೊನ್ನೆ ಸಂಜೆ ನಾನು ಆ ಮೇಜಿನ ಮೇಲೇ ಅದರ ಬಟ್ಟೆ ಹರಡಿದೆ. ಸಂಜೆ ಹೊತ್ತಿನಲ್ಲಿ ನಾನು ಆ ಮೇಜು ಬಳಸಿದ್ದು ಅದೇ ಮೊದಲ ಸಲ. ಅಮ್ಮ ಬಾಗಿಲಲ್ಲೇ ನಿಂತು, "ಅದು ಅವಳ ಮೇಜಲ್ವೇನೇ?" ಎಂದಳು. "ಗೌನೂ ಅವಳದೇ ಅಲ್ವೇನಮ್ಮ" ಎಂದೆ. ಅಮ್ಮ ಒಳಗೆ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ತೋಳನ್ನು ಒಂಚೂರು ಸಡಿಲ ಬಿಟ್ಟಿದ್ದೇನೆ. ವಾದ ಮಾಡುವಾಗ ಕೈ ಪೂರ್ತಿ ಮೇಲೇಳಲಿ.

ಗೆದ್ದು ಬಾ, ತಿಂದು ಹೋಗು,
ಕಾನೂನು ಮಾಡಿದವರಲ್ಲಿ ಒಬ್ಬಳಾದ
ನಿನ್ನ ಅಕ್ಕ