ಕೆಂಪು ಕೆನರಿಯ ಶ್ರಾವಣ

ನಳನಾಮ ಸಂವತ್ಸರ. ಶ್ರಾವಣ, ಮೊದಲ ಸೋಮವಾರ

ಉಪಾಸ. ಅಂಗಳ ಸಾರಿಸಿ, ನೀರು ತಂದು, ಲಿಂಗಪೂಜಿ ಮುಗಿಸಿದೆ. ಆಮ್ಯಾಲ ಪಂಜರ ತೊಳೆದೆ — ಇದೊಂದು ಹೊಸ ಕೆಲಸ. ಬಾಜೂ ಮನಿ ಖತೀಜಾ ಬೇಗಂ ಮಗಳ ಬಾಣಂತನಕ್ಕ ಔರಾದಕ್ಕ ಹೋದರು. ಕೆನರಿ ಹಕ್ಕಿ ನನಗ ಒಪ್ಪಿಸ್ಯಾರ. ಗುಬ್ಬಿಯಷ್ಟು ಜೀವ. ಮೈಯೆಲ್ಲಾ ಕುಸುಬಿ ಹೂವಿನ ಕೆಂಪು. ಅವರ ಮಗ ಅಮೀರ ಪಾಶಾ, ಫೌಜಿನ ಸಂಗಡ ಸಮುದ್ರದಾಚೆ ಮಿಸರ ದೇಶದ ಲಡಾಯಿಗೆ ಹೋಗುವಾಗ ತಾಯಿ ಕೈಗೆ ಕೊಟ್ಟದ್ದು.

ಅದಕ್ಕ ತತ್ತಿ ತಿನ್ನಸ್ತಾರಂತ; ತತ್ತಿ ನಮ್ಮ ಮನಿಯಾಗ ಆಗೂದಿಲ್ಲ ಅಂದೆ. ಬ್ಯಾಡ ಬಿಡ್ರಿ, ನೆನಸಿದ ರೊಟ್ಟಿಯಾಗ ಕೆಂಪು ಮೆಣಸಿನಪುಡಿ ಕಲಸಿ ದಿನಾ ಹಾಕ್ರಿ, ಮಗ ಹಂಗ ಹೇಳ್ಯಾನ ಅಂದರು. ಹೊಸ್ತಿಲ ದಾಟಿದವರು ತಿರುಗಿ ಬಂದರು.

"ಇದರ ರಂಗ ಇರೂತನಕ ನನ್ನ ಮಗ ಸಲಾಮತ್ ಇರ್ತಾನ, ಗುರಮ್ಮಕ್ಕಾ. ನೋಡ್ಕೋರಿ."

ಶ್ರಾವಣ ಪೂರಾ ನಾನು ಸಪ್ಪನ ಉಣ್ಣಾಕಿ. ಈ ಸಣ್ಣ ಗಂಟಲಕ್ಕ ಖಾರ ಯಾಕ? ಮನಿಯಾಗ ಇದ್ದ ಜೀವ... ಅದಕ್ಕೂ ಸಪ್ಪನ. ನವಣಿ, ಪಾಲಕ. ಯಜಮಾನರು ನಕ್ಕರು. ಹಕ್ಕಿಗೂ ಒಂದು ಲಿಂಗ ಕಟ್ಟಿಬಿಡು ಅಂದರು.

ಶ್ರಾವಣ, ಮೂರನೇ ಗುರುವಾರ

ಪಂಜರದ ತುಂಬ ಗರಿ. ಉದುರೂದು ನಿಲ್ಲವಲ್ದು. ಹಾಡೂ ನಿಂತದ. ಉಷ್ಣ ಆಗಿರಬೇಕು. ಖಾರದ ಹೆಸರೇ ಬ್ಯಾಡ ಈಗ. ಪಂಜರಕ್ಕ ವಿಭೂತಿ ಹಚ್ಚಿ ಕೂತೆ. ಮತ್ತೇನು ಮಾಡಲಿ.

ಭಾದ್ರಪದ, ಚೌತಿ ಮರುದಿನ

ಹೊಸ ಗರಿ ಬಂದಾವ — ಹಳದಿ. ಕಡ್ಲಿಹಿಟ್ಟಿನ ಬಣ್ಣ. ಕೆಂಪು ಹುಡುಕಿದರೂ ಇಲ್ಲ. ಶ್ರಾವಣ ಮುಗೀತಂತ ಈಗ ಮೆಣಸಿನಪುಡಿ ಹಾಕಲಿಕ್ಕತ್ತೀನಿ, ಬೇಗಂ ಹೇಳಿದಂಗ. ಏನೂ ಫರಕ ಇಲ್ಲ.

ಹಕ್ಕಿ ಬದಲಿ ಮಾಡ್ಯಾಳ ಅಂತಾರ ಮಂದಿ, ಅಂದರು ಯಜಮಾನರು. ಅನ್ನಲಿ. ನನಗ ಆ ಹುಡುಗನ ಚಿಂತಿ. ಶಿವನೇ, ಎಲ್ಲಿ ಅದಾನೊ, ಹ್ಯಾಂಗ ಅದಾನೊ...

ಭಾದ್ರಪದ, ಹುಣ್ಣಿಮಿ

ಬೆಕ್ಕು ಕೈ ಹಾಕಿ ಬಾಲದ ಎರಡು ಗರಿ ಕಿತ್ತಿತು. ಜೀವ ಉಳೀತು. ಪಂಜರ ಒಳಕೋಣಿ ಗೂಟಕ್ಕ ಎತ್ತರ ಕಟ್ಟಿಸೀನಿ. ಅಲ್ಲಿ ಕತ್ತಲಿ. ಕಾಳು ಹಾಕಲಿಕ್ಕ ಕೈ ಅಷ್ಟೇ ಹೋಗ್ತದ. ನೋಡದಿದ್ದರ ಅಷ್ಟೇ ಬೇಶ್ ಅನಸ್ತದ.

ನವರಾತ್ರಿ, ಐದನೇ ದಿನ

ಔರಾದದಿಂದ ಬೇಗಂ ಕಾಗದ. ಉರ್ದು ನನಗ ಬರೂದಿಲ್ಲ, ನಮ್ಮ ಓಣಿ ಉಸ್ಮಾನ ಮಿಯಾ ಓದಿದರು. ಮೊಮ್ಮಗ ಆರಾಮ. ಅಮೀರ ಪಾಶಾನ ಸುದ್ದಿ ಬಂದು ಭಾಳ ದಿನ ಆತಂತ. ಮಗಳು ಉಣ್ಣು ಅಂದರೂ ಬೇಗಂ ಉಣ್ಣವಲ್ರಂತ, ನಿದ್ದಿ ಇಲ್ಲ. ಹಕ್ಕಿ ರಂಗ ಹ್ಯಾಂಗದ, ಅದೊಂದೇ ಬರಸ್ರಿ ಅಂತ ಕೇಳ್ಯಾರ.

ಉಸ್ಮಾನ ಮಿಯಾ ಕಲಮು ಹಿಡಿದು ನನ್ನ ಮುಖ ನೋಡಿದರು.

"ಲಾಲ್ ಅದ ಅಂತ ಬರದುಬಿಡ್ತೇನ್ರಿ, ಗುರಮ್ಮಬಾಯಿ. ತಾಯಿ ಜೀವ ಅದ."

ಎದಿ ಮ್ಯಾಲ ಲಿಂಗ ಅದ. ಸುಳ್ಳು ಹ್ಯಾಂಗ ಬರಸಲಿ? ಹಕ್ಕಿ ಆರಾಮ ಅದ, ರಂಗ ಹೋಗ್ಯಾದ — ಅಷ್ಟೇ ಬರಸಿದೆ. ಬಂಡಿ ಹೊಡಿಯೊ ಪಂಢರಿ ಇವತ್ತು ಹೊಂಟಾನ. ನಾಳಿ ಭಾಲ್ಕಿ ಸಂತಿಯಾಗ ಮಾಲು ಇಳಿಸಿ, ಅಲ್ಲೇ ವಸ್ತಿ ಇದ್ದು, ಮುಂದ ಔರಾದಕ್ಕ. ಅವನ ಕೈಯಾಗ ಕೊಟ್ಟೆ.

ನವರಾತ್ರಿ, ಆರನೇ ದಿನ. ಮಧ್ಯಾಹ್ನ

ಪಂಜರ ಬಿಸಿಲಿಗೆ ತಂದೆ. ಬಟ್ಟಲದಾಗ ಜಳಕ ಮಾಡಿ ಬಾಲ ಝಾಡಿಸಿತು. ಬೆಕ್ಕು ಕಿತ್ತ ಜಾಗದಾಗ ಹೊಸ ಗರಿ ಎರಡು — ಕೆಂಪು! ಕುಸುಬಿ ಕೆಂಪು. ಉಳಿದ ಮೈ ಹಳದಿ.

ಇವೆರಡು ಖಾರ ತಿಂದು ಬೆಳೆದವು. ಉಳಿದವೆಲ್ಲಾ ನನ್ನ ಸಪ್ಪನ ಕೂಳಿನಾಗ ಬೆಳೆದವು. ಅಷ್ಟೇ. ಹುಡುಗನ ಆಯುಷ್ಯಕ್ಕೂ ಇದಕ್ಕೂ ಏನೂ ಇಲ್ಲ. ನಾನು ಹಿಡಿಸಿದ ವ್ರತ ಇದು. ಕಾಗದ ಓದಿದರ ಆ ತಾಯಿ ಉಳೀತಾರೇನು...

ಯಜಮಾನರು, ಬಂಡಿ ಎಲ್ಲಿ ಮುಟ್ಟಿತೊ ಅಂತಾರ. ಮೈದುನ ವೈಜಿನಾಥನ ಕಡಿ ಕುದುರಿ ಅದ. ಹೊಲದಿಂದ ಬಂದು ಈಗ ಉಣ್ಣಲಿಕ್ಕ ಕುಂತಾನ. ತಾಟಿನ ಮುಂದ ನಿಂತು ಕೈ ಮುಗಿದೆ. ವೈಜಿನಾಥಾ, ಏಳಪ್ಪಾ, ಕೈ ತೊಳಕೊ. ಪಂಢರಿ ಭಾಲ್ಕಿ ಬಿಡೂದರಾಗ ಮುಟ್ಟು. ಔರಾದ ಸೇರಬಾರದು ಆ ಕಾಗದ. ನನ್ನ ಉತ್ತರ ನನಗ ತಿರುಗಿ ತಂದು ಕೊಡು —