ಸರಾಸರಿ ಎತ್ತರದ ಮೇಜು

ಅಡುಗೆಮನೆಯ ಕಟ್ಟೆಯಿಂದ,
ಹನ್ನೆರಡನೆಯ ತಾರೀಖು, ಮಂಗಳವಾರ ಮಧ್ಯಾಹ್ನ

ಬೆಟ್ಟದ ಮೇಲಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗಾಳಿಯ ವೇಗ ನೋಡಲು ಹೊರಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀರಾ, ಇಲ್ಲ ಗಾಳಿಗೆ ನಾನು ಗೊತ್ತು ಎಂದು ಹಾಗೇ ಎದೆ ಸೆಟೆಸಿಕೊಂಡು ಹೋಗುತ್ತೀರಾ? ಮೊಣಕಾಲಿಗೆ ಹಚ್ಚುವ ಎಣ್ಣೆ ಮುಗಿದಿದ್ದರೆ ಬರೆಯಿರಿ, ಕಳಿಸುತ್ತೇನೆ. ನಿಮ್ಮಮ್ಮ ಚೆನ್ನಾಗಿದ್ದಾರೆ. ಕಣ್ಣಿನ ಆಪರೇಷನ್ ಆದಮೇಲೆ ಹಾಲಿಗೆ ಎಷ್ಟು ನೀರು ಬಿದ್ದಿದೆ ಎನ್ನುವುದು ಅವರಿಗೆ ಕಿಟಕಿಯಿಂದಲೇ ಕಾಣುತ್ತಿದೆಯಂತೆ. ಹಾಲಿನವನು ಪಾತ್ರೆಗೆ ಸುರಿದು ತಿರುಗಿ ನೋಡದೆ ಓಡುತ್ತಾನೆ. ಕ್ಷೇಮ ವಿಚಾರಿಸುವುದು ಕ್ರಮ, ವಿಚಾರಿಸಿದ್ದಾಯಿತು. ಮೇಲೆ ‘ಪ್ರೀತಿಯ’ ಎಂದು ಬರೆದಿಲ್ಲ, ಗಮನಿಸಿರಬಹುದು. ಮರೆತದ್ದಲ್ಲ. ಇನ್ನು ಜಗಳ.

ನಿಮ್ಮ ಹೋದ ಕಾಗದದಲ್ಲಿ ಒಂದೂವರೆ ಪುಟ ಕುರ್ಚಿಯ ವರ್ಣನೆಯೇ ಇತ್ತು. ಹವಾಮಾನ ಕೇಂದ್ರಕ್ಕೆ ಹೊಸ ಕುರ್ಚಿ ಬಂದಿದೆಯಂತೆ. ಪಕ್ಕದ ಹಿಡಿ ಎತ್ತಿದರೆ ಏರುತ್ತದಂತೆ, ಒತ್ತಿದರೆ ಇಳಿಯುತ್ತದಂತೆ, ಸೊಂಟದ ಹತ್ತಿರ ಮೆತ್ತಗೆ ಆತುಕೊಳ್ಳುತ್ತದಂತೆ, ಮೊಣಕೈ ಊರುವ ತೋಳುಗಳೂ ನಿಮಗೆ ಬೇಕಾದ ಕಡೆ ಸರಿಯುತ್ತವಂತೆ. ‘ಕುರ್ಚಿಯೆಂದರೆ ಹೀಗಿರಬೇಕು’ ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದಿರಿ. ಓದಿ ಕಣ್ಣು ತಣ್ಣಗಾಯಿತು. ಆಮೇಲೆ ಕೊನೆಯಲ್ಲಿ, ಉಣ್ಣೆಯ ಕಾಲುಚೀಲ ಕಳಿಸು ಎನ್ನುವುದಕ್ಕೂ ನಿಮ್ಮ ಸಹಿಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು: ‘ಕೈ ಅಷ್ಟು ನೋಯುತ್ತಿದ್ದರೆ ಕೆಲಸ ಬಿಟ್ಟುಬಿಡು. ಮೇಜನ್ನು ಮಾತ್ರ ಮುಟ್ಟಬೇಡ, ರಜೆಗೆ ಬಂದಾಗ ನನಗೆ ಬರೆಯಲು ಬೇಕು.’ ಈ ಕಾಗದ ಆ ಒಂದು ಮಾತಿಗೆ ಉತ್ತರ. ಕುರ್ಚಿಗೆ ನನ್ನ ಉತ್ತರವಿಲ್ಲ.

ಮೊದಲು ಒಂದು ಕಥೆ ಹೇಳುತ್ತೇನೆ, ಹೂಂ ಅನ್ನುತ್ತಾ ಓದಿ. ಒಂದೂರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಗಂಡ ಗಳುವಿನಂತೆ ಉದ್ದ, ಹೆಂಡತಿ ಅವನ ಎದೆಮಟ್ಟಕ್ಕೆ ಬರುತ್ತಿದ್ದಳು. ಅವಳಿಗೊಂದು ಕೆಲಸವಿತ್ತು. ಕಾಲೇಜಿನಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುವುದು, ಕೇಳಿದ ಕೂಡಲೇ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ಅವಳು ಟೈಪ್ ಮಾಡಿದ್ದು ಆ ಗಳಿಗೆಯಲ್ಲೇ ತರಗತಿಯಲ್ಲಿ ಕೂತ, ಕಿವಿ ಕೇಳದ ಒಬ್ಬ ಹುಡುಗಿಯ ಮುಂದಿನ ಪರದೆಯ ಮೇಲೆ ಮೂಡುತ್ತಿತ್ತು. ಮೇಷ್ಟ್ರು ಜೋಕು ಮಾಡಿದರೆ ಜೋಕು, ಕೆಮ್ಮಿದರೆ ಕೆಮ್ಮು, ಏನನ್ನೂ ಬಿಡುತ್ತಿರಲಿಲ್ಲ. ಈ ಕೆಲಸವನ್ನು ಅವಳು ಊಟದ ಮೇಜಿನ ಮೇಲೆ, ಒಂದು ಕಡೆ ಉಪ್ಪಿನ ಡಬ್ಬಿ ಇನ್ನೊಂದು ಕಡೆ ನೀರಿನ ಜಗ್ಗು ಇಟ್ಟುಕೊಂಡು ಮಾಡುತ್ತಿದ್ದಳು. ಕಾಲೇಜಿನವರಿಗೆ ಅದು ತಿಳಿದು, ನಿಮಗೆ ಹೊಂದುವ ಮೇಜು ಕುರ್ಚಿ ಆರಿಸಿಕೊಳ್ಳಿ, ಬಿಲ್ಲು ನಮಗೆ ಕಳಿಸಿ ಅಂದರು. ಅವಳಿಗೆ ಹೊಂದುವ ಮೇಜು ಅಂದರು. ಇದನ್ನು ನೆನಪಿಟ್ಟುಕೊಳ್ಳಿ, ಗಂಡ ಮರೆತ.

ಅಂಗಡಿಗೆ ಹೋದರು. ಅಂಗಡಿಯವನು ಮೊದಲು ತೋರಿಸಿದ್ದು ಏರಿಸಿ ಇಳಿಸುವ ಮೇಜು. ಪಕ್ಕದ ಹಿಡಿ ತಿರುಗಿಸಿದರೆ ಹಲಗೆ ಮೇಲೆ ಬರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಕೂತು ಸಾಕಾದರೆ ನಿಂತೂ ಕೆಲಸ ಮಾಡಬಹುದು. ಹೆಂಡತಿ ಅದರ ಮುಂದೆ ಕೂತು, ಹಲಗೆ ಮೊಣಕೈ ಮಟ್ಟಕ್ಕೆ ಇಳಿಯುವವರೆಗೆ ತಿರುಗಿಸಿ ನಿಲ್ಲಿಸಿದಳು. ಹೆಗಲು ತಾನಾಗಿ ಸಡಿಲವಾಯಿತು. ಇದೇ ಇರಲಿ ಅಂದಳು. ಗಂಡ ನಕ್ಕ. ಮೇಜೇನು ಲಿಫ್ಟೇ ಎಂದು ಕೇಳಿದ. ಅಲ್ಲಾಡುವ ಭಾಗ ಇರುವ ವಸ್ತು ಯಾವತ್ತಾದರೂ ಕೈ ಕೊಡುತ್ತದೆ ಎಂದು ಅಂಗಡಿಯವನಿಗೇ ಪಾಠ ಹೇಳಿದ. ಆಮೇಲೆ ಜೇಬಿನಿಂದ ಟೇಪು ತೆಗೆದು ಹೆಂಡತಿಯನ್ನು ಕೂರಿಸಿ ಅಳೆದ, ತಾನು ಕೂತು ಅಂಗಡಿಯವನ ಕೈಯಲ್ಲಿ ಅಳೆಸಿಕೊಂಡ, ಎರಡನ್ನೂ ಕೂಡಿಸಿ ಅರ್ಧ ಮಾಡಿದ. ‘ಸಾರ್, ಕೂರೋರು ಯಾರು?’ ಎಂದು ಕೇಳಿದ ಅಂಗಡಿಯವನು. ಇಬ್ಬರೂ ಎಂದ ಗಂಡ. ‘ಒಟ್ಟಿಗೇನಾ?’ ಹೆಂಡತಿ ನಕ್ಕುಬಿಟ್ಟಳು. ಅವಳು ನಕ್ಕದ್ದಕ್ಕೆ ಗಂಡ ಮುಖ ಊದಿಸಿಕೊಂಡು ಒಬ್ಬನೇ ಮುಂದೆ ಬಸ್ಸಿಗೆ ನಡೆದ, ಆದರೆ ಅಷ್ಟರಲ್ಲಿ ಅರ್ಧ ಲೆಕ್ಕದ ಗಟ್ಟಿ ಮೇಜಿಗೆ ಆರ್ಡರ್ ಕೊಟ್ಟಾಗಿತ್ತು.

ಅವನನ್ನು ಅಂದು ಪ್ರಯೋಜನವಿಲ್ಲ ಬಿಡಿ, ಅವನ ವೃತ್ತಿಯೇ ಅಂಥದ್ದು. ಬೆಳಗಿನ ಜಾವ ಹಲ್ಲು ಕಟಕಟ ಅನ್ನುವ ಚಳಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಎರಡನ್ನೂ ಕೂಡಿಸಿ ಅರ್ಧ ಮಾಡಿ ‘ಹಿತವಾದ ದಿನ’ ಎಂದು ಬರೆದು ಸಂಬಳ ತೆಗೆದುಕೊಳ್ಳುವ ಮನುಷ್ಯ. ಚಳಿಯಲ್ಲಿ ನಡುಗಿದವನನ್ನೂ ಬಿಸಿಲಲ್ಲಿ ಬೆಂದವನನ್ನೂ ಯಾರು ಕೇಳುತ್ತಾರೆ?

ಹೂಂ ಅನ್ನುತ್ತಿದ್ದೀರಾ? ಕಥೆ ಮುಗಿಯಿತು. ಇನ್ನು ನಿಜ.

ಮೇಜು ಬಂದ ದಿನ ಅದರ ನಾಲ್ಕು ದಪ್ಪ ಮರದ ಕಾಲು ತಟ್ಟಿ, ಆನೆ ಹತ್ತಿದರೂ ಅಲ್ಲಾಡುವುದಿಲ್ಲ ಅಂದಿರಿ. ಅಲ್ಲಾಡುವುದಿಲ್ಲ, ಅದೇ ನನ್ನ ಕಷ್ಟ. ಕುರ್ಚಿ ಇದ್ದ ಹಾಗೇ ಇದ್ದರೆ ಯಾರೋ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದ ಹಾಗೆ ಹೆಗಲು ಕಿವಿಯವರೆಗೆ ಏರುತ್ತದೆ. ದಿಂಬು ಹಾಕಿ ಎತ್ತರವಾದರೆ ಕಾಲು ನೇತಾಡುತ್ತವೆ, ಸಂಜೆಗೆ ಪಾದ ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. ಕಾಲ ಕೆಳಗೆ ಬಿಸ್ಕತ್ತಿನ ಡಬ್ಬಿ ಇಟ್ಟೆ, ನೆಗ್ಗಿಹೋಯಿತು. ಸೂಟ್‌ಕೇಸ್ ಇಟ್ಟೆ, ಜಾರಿಹೋಯಿತು. ಕೊನೆಗೆ ಕಾಲಿಗೆ ಸರಿಹೋದದ್ದು ನೀವು ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ಹವಾಮಾನ ವರದಿಯ ಸಂಪುಟಗಳು. ಈಗ ಅವುಗಳ ಮೇಲೆ ಕಾಲಿಟ್ಟೇ ಕೂರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳುವುದಿಲ್ಲ, ಮಾಡಿಕೊಳ್ಳಿ. ದಿಂಬು ಮಾತ್ರ ಗಂಟೆಗೊಮ್ಮೆ ಕುಸಿಯುತ್ತದೆ, ಮೊಣಕೈ ಮತ್ತೆ ಹಲಗೆಯ ಅಂಚಿಗೇ ಬಂದು ಒತ್ತುತ್ತದೆ. ಕಂಪ್ಯೂಟರಿನ ಪರದೆಯದು ಇನ್ನೊಂದು ಕಥೆ. ಅದರ ಸ್ಟ್ಯಾಂಡು ಬಿಚ್ಚಿ ಹಳೆ ಸಾಮಾನಿನವನಿಗೆ ಕೊಟ್ಟು, ಗೋಡೆಗೆ ಸ್ಕ್ರೂ ಬಿಗಿದು ನೇತುಹಾಕಿದಿರಿ, ಅದನ್ನೂ ಸರಾಸರಿ ಕಣ್ಣಿಗೆ. ಗೋಡೆಯ ಮೇಲಿನ ಹಲ್ಲಿ ಎಲ್ಲಿ ಬೀಳುತ್ತದೋ ಎಂದು ನೋಡುವವಳ ಹಾಗೆ ದಿನವಿಡೀ ಕತ್ತೆತ್ತಿ ಕೂರುತ್ತೇನೆ. ಊಟದ ಮೇಜಿಗೇ ವಾಪಸ್ ಹೋಗೋಣವೆಂದರೆ, ಜಾಗ ಸಾಲದೆಂದು ಅದನ್ನು ನಿಮ್ಮ ತಂಗಿಯ ಮನೆಗೆ ಸಾಗಿಸಿದ್ದೀರಿ. ಅದಕ್ಕೇ ಈ ಕಾಗದವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ನಿಂತುಕೊಂಡು ಬರೆಯುತ್ತಿದ್ದೇನೆ.

ನೋವಿನ ವಿಷಯ ಹೇಳದೆ ಏನೂ ಇರಲಿಲ್ಲ. ಮೊದಲ ಸಲ ಬರೆದಾಗ ‘ಸ್ವಲ್ಪ ದಿನ ತಾಳು, ಒಗ್ಗುತ್ತದೆ’ ಎಂದಿರಿ. ಯಾವುದು ಯಾವುದಕ್ಕೆ ಒಗ್ಗುತ್ತದೆ ಎಂದು ಬರೆಯಲಿಲ್ಲ. ಇನ್ನೊಂದು ಸಲ ‘ಬೆನ್ನು ನೇರ ಇಟ್ಟುಕೊ’ ಎಂದಿರಿ. ಮತ್ತೂ ಬರೆದದ್ದಕ್ಕೆ ಒಂದು ಚಿತ್ರ ಬಂತು, ಮೇಜಿನ ಮುಂದೆ ಸರಿಯಾಗಿ ಕೂರುವುದು ಹೇಗೆ ಎಂದು. ಮೊಣಕೈಗೊಂದು ಬಾಣ, ಮೊಣಕಾಲಿಗೊಂದು ಬಾಣ, ಕಣ್ಣಿನಿಂದ ಪರದೆಗೆ ಚುಕ್ಕೆಗಳ ಗೆರೆ. ಚೆನ್ನಾಗಿತ್ತು ಚಿತ್ರ. ಕೂತವನಿಗೆ ಮೀಸೆ ಇತ್ತು.

ಹೋದ ಗುರುವಾರ ರಕ್ತಪರೀಕ್ಷೆಯ ಪಾಠ ನಡೆಯುತ್ತಿತ್ತು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಜುಮ್ಮೆಂದವು, ಆಮೇಲೆ ಇವೆಯೋ ಇಲ್ಲವೋ ತಿಳಿಯದಂತಾದವು. ಮೇಷ್ಟ್ರು ಹೇಳುತ್ತಲೇ ಇದ್ದಾರೆ, ನನಗೆ ಎಲ್ಲ ಕೇಳುತ್ತಿದೆ, ಕೈ ಮಾತ್ರ ಹಿಂದೆ ಬಿದ್ದಿದೆ. ಒಂದು ಸಾಲು ಹೋಯಿತು, ಹಿಡಿಯಲು ಹೋಗಿ ಇನ್ನೊಂದು ಹೋಯಿತು. ತರಗತಿಯವರೆಲ್ಲ ಯಾವುದಕ್ಕೋ ಗೊಳ್ಳೆಂದು ನಕ್ಕರು. ಆಗ ಆ ಹುಡುಗಿ ನನಗೆ ಕಳಿಸಿದ ಮೆಸೇಜು ಇದು: ‘ಅಕ್ಕಾ, ಮೇಷ್ಟ್ರ ಬಾಯಿ ಆಡ್ತಿದೆ, ಅಕ್ಷರ ಬರ್ತಿಲ್ಲ. ಎಲ್ಲರೂ ಯಾಕೆ ನಕ್ಕಿದ್ದು?’ ನಾನು ಹೆಡ್‌ಫೋನ್ ತೆಗೆದಿಟ್ಟು ಅತ್ತುಬಿಟ್ಟೆ. ನನ್ನ ನೋವಿಗೆ ಅಳುವವಳು ನಾನಲ್ಲ, ನಿಮಗೆ ಗೊತ್ತು.

ಕಾಲೇಜಿನ ಮೇಲ್ವಿಚಾರಕಿ ಫೋನು ಮಾಡಿದರು. ಈ ವಾರ ಬೇರೊಬ್ಬರು ನನ್ನ ಬದಲು ಟೈಪ್ ಮಾಡುತ್ತಾರೆ, ಬರುವ ಸೋಮವಾರ ನನ್ನ ವೇಗವನ್ನು ಮತ್ತೆ ಪರೀಕ್ಷಿಸುತ್ತಾರೆ, ಆಗದಿದ್ದರೆ ಆ ಬೇರೊಬ್ಬರೇ ಉಳಿಯುತ್ತಾರೆ. ಮೆತ್ತಗೇ ಹೇಳಿದರು, ಅದೇ ಹೆಚ್ಚು ಚುಚ್ಚಿತು. ಡಾಕ್ಟರಮ್ಮ ಕೈಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, ಕೈಗೆ ರೋಗವಿಲ್ಲ ಅಂದರು. ಮೊಣಕೈಯ ನರ ಹಲಗೆಯ ಅಂಚಿಗೆ ಒತ್ತಿ ಒತ್ತಿ ಕಂದಿದೆಯಂತೆ; ಅಂಚು ತಪ್ಪಿದರೆ ಕೆಲವು ದಿನದಲ್ಲಿ ಹಗುರಾಗುತ್ತದಂತೆ, ಹೀಗೇ ಬಿಟ್ಟರೆ ಬೆರಳು ಬಾಗಿದ್ದು ಬಾಗಿದ ಹಾಗೇ ಉಳಿಯಬಹುದಂತೆ. ಪಾದ ನೆಲದ ಮೇಲಿರಬೇಕು, ಹಲಗೆ ಮೊಣಕೈಯ ಮಟ್ಟಕ್ಕಿರಬೇಕು, ಪರದೆಯ ಮೇಲಂಚು ಕಣ್ಣಿನ ನೇರಕ್ಕಿರಬೇಕು ಅಂದರು. ಈ ಮೂರೂ ನಿಮ್ಮ ಚಿತ್ರದಲ್ಲಿವೆ. ನಮ್ಮ ಮನೆಯಲ್ಲಿಲ್ಲ.

ಒಂದು ಮಾತು ಒಪ್ಪಬೇಕು, ಮೇಜು ಈ ಮನೆಯಲ್ಲಿ ಒಬ್ಬರಿಗೆ ಹೇಳಿ ಮಾಡಿಸಿದ ಹಾಗಿದೆ. ನಿಮಗಲ್ಲ. ನೀವು ಕೂತರೆ ಮೊಣಕಾಲು ಹಲಗೆಗೆ ಬಡಿಯುತ್ತದೆ. ಹೊರಡುವ ಮುಂಚೆ ಬಡಿಸಿಕೊಂಡು, ಏನೂ ಆಗಿಲ್ಲವೆಂಬ ಮುಖ ಮಾಡಿದ್ದನ್ನು ನೋಡಿದ್ದೇನೆ. ಹೊಂದುವುದು ನಿಮ್ಮಮ್ಮನಿಗೆ. ನನ್ನ ಕೆಲಸ ಮುಗಿದ ಮೇಲೆ ದಿನಾ ಸಂಜೆ ಅಲ್ಲಿ ಕೂತು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾರೆ. ಪಾದ ನೆಲದ ಮೇಲೆ, ಮೊಣಕೈ ಹಲಗೆಯ ಮಟ್ಟಕ್ಕೆ, ಕಣ್ಣು ಪರದೆಯ ನೇರಕ್ಕೆ, ರಾಣಿಯ ಹಾಗೆ. ನಮ್ಮಿಬ್ಬರನ್ನು ಕೂಡಿಸಿ ಅರ್ಧ ಮಾಡಿದರೆ ಬರುವುದು ನಿಮ್ಮಮ್ಮ. ಅದಕ್ಕೇ ಇಷ್ಟು ದಿನ ಅವರು ನಿಮ್ಮ ಕಡೆ. ‘ನನ್ನ ಮಗ ಲೆಕ್ಕ ಹಾಕದೆ ಏನೂ ತರೋನಲ್ಲ ಕಣೇ, ನೀನು ಕೂರೋದ್ರಲ್ಲೇ ಏನೋ ಐಬು’ ಎಂದು ನನ್ನ ಬೆನ್ನಿಗೆ ಗುದ್ದಿ ನೆಟ್ಟಗೆ ಮಾಡುತ್ತಿದ್ದರು. ಇದೇ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟು, ಕಾಫಿ ಲೋಟವನ್ನು ಟಣ್ಣೆಂದು ಇಟ್ಟು ಹೋಗುವುದೂ ನಡೆಯಿತು.

ನಿಮ್ಮ ಹೋದ ಕಾಗದವನ್ನು ಯಾವಾಗಿನಂತೆ ಅವರಿಗೆ ಓದಿ ಹೇಳಿದೆ. ಕುರ್ಚಿಯ ಭಾಗಕ್ಕೆ ಮಗ ಸುಖವಾಗಿದ್ದಾನೆಂದು ಬೀಗಿದರು. ಕೊನೆಯ ಮಾತು ಬಂದಾಗ ಹಾರಿಸಿಬಿಡೋಣ ಎನಿಸಿತು. ಆಮೇಲೆ, ಬರೆದವರಿಗಿಲ್ಲದ ಸಂಕೋಚ ಓದುವವಳಿಗೇಕೆ ಎಂದು ಓದಿದೆ. ‘ಇನ್ನೊಂದ್ಸಲ ಓದು’ ಅಂದರು. ಓದಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ‘ಹಾಗಾದ್ರೆ ಆ ಹುಡುಗಿ ಏನ್ಮಾಡ್ತಾಳೆ?’ ಎಂದು ಕೇಳಿದರು. ಆ ಪ್ರಶ್ನೆ ನಿಮಗೆ ಸೇರಿದ್ದು, ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಅವತ್ತು ಸಂಜೆ ಇಸ್ಪೀಟು ಆಡಲಿಲ್ಲ, ಊಟಕ್ಕೂ ತಡವಾಗಿ ಬಂದರು.

ಈಗ ಹೇಳುವುದನ್ನು ಹೇಳಿಬಿಡುತ್ತೇನೆ. ನಾನು ಕೆಲಸ ಬಿಡುವುದಿಲ್ಲ. ಮೇಜಿನ ಕಾಲು ಕೊಯ್ಯಿಸಿ ನನ್ನ ಮೊಣಕೈ ಮಟ್ಟಕ್ಕೆ ಇಳಿಸಬೇಕು, ಪರದೆ ಗೋಡೆಯಿಂದ ಇಳಿದು, ನಿಮ್ಮ ಸಂಪುಟಗಳಿಗೆ ಒರಗಿ ಮೇಜಿನ ಮೇಲೆ ನಿಲ್ಲಬೇಕು. ನಾಳೆ ಟಪಾಲಿನ ಜೀಪು ಬೆಟ್ಟ ಹತ್ತುತ್ತದೆ, ಶನಿವಾರ ಇಳಿಯುತ್ತದೆ. ಅದರಲ್ಲಿ ನಿಮ್ಮ ಒಪ್ಪಿಗೆ ಬರಲಿ. ಒಪ್ಪಿಗೆ ಇಲ್ಲವೆಂದರೆ ಆ ಹುಡುಗಿಗೆ ನೀವೇ ಒಂದು ಕಾಗದ ಬರೆದು ಕಳಿಸಿ: ನಾನು ರಜೆಯಲ್ಲಿ ಬಂದು ಕೂರಲಿಕ್ಕೆ ಒಂದು ಮೇಜು ಬೇಕು ಮಗೂ, ಅದಕ್ಕೇ ನಿನಗೆ ಪಾಠವಿಲ್ಲ ಎಂದು. ನಿಮ್ಮ ಕೈಯಲ್ಲೇ ಬರೆಯಬೇಕು, ಆ ಒಳ್ಳೆಯ ಕುರ್ಚಿಯ ಮೇಲೆ ಕೂತು. ನಾನು ತಲುಪಿಸುತ್ತೇನೆ. ಹೇಳದೆ ಕೇಳದೆ ಕೊಯ್ಯಿಸಿದಳು ಎಂದು ನೀವು ಮುದುಕರಾಗುವವರೆಗೆ ಆಡಬಾರದಲ್ಲ, ಅದಕ್ಕೇ ಕೇಳುತ್ತಿರುವುದು. ಭಯಕ್ಕಲ್ಲ.

ಕಾಲುಚೀಲ ಇದರ ಜೊತೆಗಿದೆ, ಎರಡು ಜೊತೆ. ಚಳಿಯಲ್ಲಿ ಓಡಾಡಬೇಡಿ. ಹಿರಿಯರ ಆಶೀರ್ವಾದ ನಿಮ್ಮ ಮೇಲಿರಲಿ, ನನ್ನ ನಮಸ್ಕಾರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಂತಿ,
ನಿಮ್ಮ ಎದೆಮಟ್ಟದ ಹೆಂಡತಿ

ತಾ.ಕ.: ಲಕೋಟೆಗೆ ಅಂಟು ಹುಡುಕುತ್ತಾ ಮುಂದಿನ ಕೋಣೆಗೆ ಹೋದೆ. ಇಷ್ಟು ಹೊತ್ತೂ ಗರಗರ ಸದ್ದು ಕೇಳುತ್ತಿತ್ತು, ಪಕ್ಕದ ಮನೆಯ ರಿಪೇರಿ ಎಂದುಕೊಂಡಿದ್ದೆ. ರಿಪೇರಿ ನಮ್ಮದೇ. ಪರದೆ ಗೋಡೆಯಿಂದ ಇಳಿದು ಸೋಫಾದ ಮೇಲೆ ಮಲಗಿದೆ. ಅತ್ತೆ ಮೇಜನ್ನು ಅಡ್ಡ ಉರುಳಿಸಿ, ನಿಮ್ಮ ಸಾಮಾನಿನ ಪೆಟ್ಟಿಗೆಯಿಂದ ಗರಗಸ ತೆಗೆದು ಕೂತಿದ್ದಾರೆ. ಎರಡು ಕಾಲು ಆಗಿದೆ, ಮೂರನೆಯದು ಅರ್ಧ. ನಿನ್ನೆ ನಾನು ಕುರ್ಚಿಯಲ್ಲಿ ಕೂತಿದ್ದಾಗ ನೆಲದಿಂದ ಮೊಣಕೈವರೆಗೆ ದಾರ ಹಿಡಿದದ್ದು ಇದಕ್ಕಂತೆ. ಅತ್ತೆ, ನಿಮಗೆ ಅಷ್ಟು ಸರಿಯಾಗಿತ್ತಲ್ಲಾ ಅಂದೆ. ‘ಇಸ್ಪೀಟಾಡೋಕೆ ಮೇಜು ಯಾಕೆ’ ಅಂದರು. ಮತ್ತೆ ನಿಮ್ಮ ಮಗನ ಅಳತೆ ಎಂದು ಕೇಳಿದೆ. ಗರಗಸ ನಿಲ್ಲಿಸಲಿಲ್ಲ. ‘ಅವನು ಬೆಟ್ಟದ ಮೇಲಿದ್ದಾನೆ. ಸೋಮವಾರ ಇಲ್ಲಿ ಕೂರೋದು ನೀನು. ಬಂದು ಕಾಲು ಹಿಡ್ಕೋ, ಅಲ್ಲಾಡ್ತಿದೆ.’ ಶನಿವಾರ ನಿಮ್ಮ ಉತ್ತರ ಬರದಿದ್ದರೂ ನಡೆಯುತ್ತದೆ. ಹೋಗುತ್ತೇನೆ, ಕರೆಯುತ್ತಿದ್ದಾರೆ.