ಬಿಳಿ ಗೀಟು

ನವೆಂಬರ್ ೯, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಆ ಬೋಲ್ಟುಗಳೇ ಕಣ್ಣ ಮುಂದೆ.

ಮಧ್ಯಾಹ್ನ ನನ್ನ ಹಳೆಯ ಸ್ಕೈಲೈನ್ ಕಾರಿನ ಇಂಜಿನ್ ಒಳಗಿನ ಬೋಲ್ಟುಗಳನ್ನು ಬಿಗಿಯುತ್ತಿದ್ದೆ. ಬಿಗಿದಾಯಿತೆಂಬ ಗುರುತಿಗೆ ಪ್ರತಿಯೊಂದರ ತಲೆಗೂ ಒಂದು ಬಿಳಿ ಗೀಟು ಎಳೆಯುವುದು ಗಾಡಿ ರಿಪೇರಿಯವರ ಪದ್ಧತಿ. ಅರ್ಧದಲ್ಲಿ ಪಕ್ಕದ ಮನೆಯ ಕುವಬಾರ ಅವರು ಕೇರಿಯ ಸುತ್ತೋಲೆ ಹಿಡಿದು ಬಂದರು. "ಈ ಗಾಡಿ ಓಡೋದನ್ನ ನೋಡೋಕೆ ನಾನು ಬದುಕಿರ್ಬೇಕಲ್ಲಪ್ಪಾ" ಎಂದು ಚುಚ್ಚಿದರು. "ಬರೋ ಭಾನುವಾರ ಬನ್ನಿ, ಸದ್ದು ಕೇಳಿಸ್ತೀನಿ" ಎಂದೆ, ಜಂಬದಿಂದ. ಅವರನ್ನು ಗೇಟಿನವರೆಗೆ ಕಳಿಸಿ ಮರಳಿ ಬಂದು ನೋಡಿದರೆ ಎಲ್ಲದಕ್ಕೂ ಗೀಟು. ಮುಗಿಸಿಯೇ ಎದ್ದಿದ್ದೆನೇನೋ ಅಂದುಕೊಂಡು ಕೆಳಗಿನ ಆಯಿಲ್ ತಟ್ಟೆ ಮುಚ್ಚಿಬಿಟ್ಟೆ.

ಊಟದ ಹೊತ್ತಿಗೆ ಹೆಂಡತಿ ಸನಾಯೆ ಮಿಸೊ ಸಾರು ಬಡಿಸುತ್ತ ಅಂದಳು: "ರೀ, ಕೆಲವಕ್ಕೆ ಬಣ್ಣ ಹಚ್ಚೋದೇ ಮರ್ತಿದ್ರಲ್ಲ. ನಾನೇ ಹಚ್ಚಿದೆ. ನಿಮಗಿಂತ ನೀಟಾಗಿದೆ ಅಲ್ವಾ?"

"ಹೂಂ, ನೀಟಾಗಿದೆ" ಎಂದೆ. "ಆ ತಗಡಿನ ಸವತಿ" ಎಂದು ಕಾರನ್ನು ಹಂಗಿಸುತ್ತ ಇಷ್ಟು ವರ್ಷ ಗ್ಯಾರೇಜಿಗೆ ಕಾಲಿಡದವಳು ಇವತ್ತೇ ಮೊದಲು ಒಳಗೆ ಬಂದಿದ್ದು.

ಒಂದು ಬೋಲ್ಟು ಸಡಿಲವಿದ್ದರೂ ಇಂಜಿನ್ ಚೂರುಚೂರು. ಬಿಚ್ಚಲೇಬೇಕು. ಬಿಚ್ಚಿದರೆ ಯಾಕೆ ಎಂದು ಕೇಳುತ್ತಾಳೆ.

ಪಕ್ಕದಲ್ಲೇ ಮಲಗಿದ್ದಾಳೆ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ. ನಾಳೆ ಅವಳು ಕೆಲಸಕ್ಕೆ ಹೋಗಲಿ, ಎಲ್ಲವನ್ನೂ ಮತ್ತೆ ಬಿಗಿಯುತ್ತೇನೆ. ಅವಳ ಗೀಟುಗಳನ್ನು ಮಾತ್ರ ಒರೆಸಲಾರೆ.